ಗಂಡು ಜಿಂಕೆಯ ಸಾಲ

ಬೆಂಗಳೂರಿನ ಕಾಫಿ ಅಂಗಡಿಯಲ್ಲಿ ಕೂತು ‘ಐನೂರು ಬಕ್ಸ್ ಖರ್ಚಾಯಿತು’ ಎನ್ನುವ ಹುಡುಗರು ಗಂಡು ಜಿಂಕೆಯ ಹೆಸರಲ್ಲಿ ರೂಪಾಯಿ ಎಣಿಸುತ್ತಿರುತ್ತಾರೆ. ಬಕ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಹೋತವೂ ಹೌದು, ಗಂಡು ಜಿಂಕೆಯೂ ಹೌದು. ಮುಂದೆ ಗಂಡು ಮೊಲಕ್ಕೂ ಅದೇ ಹೆಸರು ಬಂತು. ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಷೋಕಿವಾಲ ಬಕ್ ಆದ. ಅಮೆರಿಕದ ಬಿಳಿಯರು ಗುಲಾಮ ಗಂಡಸನ್ನೂ ಮೂಲನಿವಾಸಿ ಯುವಕನನ್ನೂ ಇದೇ ಹೆಸರಿನಿಂದ ಮೃಗದ ಸಾಲಿಗೆ ಇಳಿಸಿದರು. ಇಷ್ಟೆಲ್ಲದರ ನಡುವೆ ಅದು ಹಣದ ಹೆಸರಾದದ್ದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ ಸರಳ: ನಾಣ್ಯವಿಲ್ಲದ ಕಾಡಿನಲ್ಲಿ ಜನ ತೊಗಲು ಕೊಟ್ಟು ಸಾಮಾನು ಕೊಳ್ಳುತ್ತಿದ್ದರು, ಹಾಗಾಗಿ ತೊಗಲೇ ಹಣವಾಯಿತು. ಕೇಳಲು ಸೊಗಸಾದ ಈ ಕಥೆ ಮುಖ್ಯವಾದದ್ದನ್ನೇ ಬಿಟ್ಟುಬಿಡುತ್ತದೆ. ಉತ್ತರ ಅಮೆರಿಕದ ತೊಗಲ ವ್ಯಾಪಾರದಲ್ಲಿ ಗಂಡು ಜಿಂಕೆ ವಿನಿಮಯದ ವಸ್ತುವಾಗಿದ್ದಕ್ಕಿಂತ ಹೆಚ್ಚಾಗಿ ಸಾಲದ ಅಳತೆಗೋಲಾಗಿತ್ತು. ಆ ಕೋಲಿನಿಂದ ಕೊನೆಗೆ ಅಳೆದದ್ದು ನೆಲವನ್ನು.

ಇಂಗ್ಲೆಂಡಿನ ಚರ್ಮೋದ್ಯಮಕ್ಕೆ ಜಿಂಕೆಯ ತೊಗಲು ಬೇಕಿತ್ತು. ಸವಾರರ ಚಲ್ಲಣ, ಕೈಗವಸು, ಪುಸ್ತಕದ ರಟ್ಟು ಎಲ್ಲದಕ್ಕೂ ಅದರ ಮೃದುತನ ಹೇಳಿಮಾಡಿಸಿದಂತಿತ್ತು. ಹದಿನೆಂಟನೇ ಶತಮಾನದ ಆರಂಭದಲ್ಲಿ ಯೂರೋಪಿನ ದನಗಳಿಗೆ ಜಾಡ್ಯ ತಗುಲಿದಾಗ ಬೇಡಿಕೆ ಇನ್ನೂ ಏರಿತು. ಆಗ ಸಾಕಣೆಯಿಲ್ಲದೆ ಸಿಗುತ್ತಿದ್ದದ್ದು ಕ್ಯಾರೊಲಿನಾದ ಒಳನಾಡಿನ ಬಿಳಿಬಾಲದ ಜಿಂಕೆ. 1699ರಿಂದ 1715ರವರೆಗೆ ಚಾರ್ಲ್ಸ್‌ಟನ್ ಬಂದರಿನಿಂದ ವರ್ಷಕ್ಕೆ ಸರಾಸರಿ 54,000 ತೊಗಲು ಹಡಗು ಹತ್ತಿತು. 1707ರಲ್ಲಿ ಅದು 1,20,000 ದಾಟಿತ್ತು. ಬೇಟೆ ಮೂಲನಿವಾಸಿ ಗಂಡಸರದು, ಹದ ಹೆಂಗಸರದು. ಮಾಂಸ ಕೆರೆದು, ಜಿಂಕೆಯ ಮಿದುಳನ್ನೇ ತಿಕ್ಕಿ, ಹೊಗೆ ಕೊಟ್ಟು ತೊಗಲನ್ನು ಮೆತ್ತಗೆ ಮಾಡುತ್ತಿದ್ದ ಆ ದುಡಿಮೆ ವ್ಯಾಪಾರಿಯ ಖಾತೆಯಲ್ಲಿ ಎಲ್ಲೂ ಕಾಣುವುದಿಲ್ಲ. ಖಾತೆ ತೆರೆಯುತ್ತಿದ್ದದ್ದು ಗಂಡಸಿನ ಹೆಸರಲ್ಲಿ. ಶರತ್ಕಾಲದಲ್ಲಿ ವ್ಯಾಪಾರಿ ಬಂದೂಕು, ಮದ್ದು, ಬಟ್ಟೆ, ಕೊಡಲಿಗಳನ್ನು ಕಡ ಕೊಡುತ್ತಿದ್ದ. ಚಳಿಗಾಲದ ಬೇಟೆ ಮುಗಿಸಿ ವಸಂತದಲ್ಲಿ ಮರಳಿದವನು ತೊಗಲಿನಿಂದ ತೀರಿಸಬೇಕು. 1716ರಲ್ಲಿ ದಕ್ಷಿಣ ಕ್ಯಾರೊಲಿನಾ ಒಪ್ಪಿದ ದರಪಟ್ಟಿಯೊಂದರಲ್ಲಿ ಬಂದೂಕಿನ ಬೆಲೆ 35 ತೊಗಲು. ಬೇಟೆ ಕೈಕೊಟ್ಟ ವರ್ಷ ಬಾಕಿ ಮುಂದಿನ ವರ್ಷಕ್ಕೆ ಹೊರಳುತ್ತಿತ್ತು, ಅದರ ಮೇಲೆ ಹೊಸ ಕಡ ಏರುತ್ತಿತ್ತು.

ಆ ಪಟ್ಟಿ ಹುಟ್ಟಿದ್ದೇ ಒಂದು ಯುದ್ಧದ ಬೆನ್ನಿಗೆ. 1715ರಲ್ಲಿ ಯಮಾಸಿ ಎಂಬ ಮೂಲನಿವಾಸಿಗಳೂ ಅವರ ನೆರೆಯ ಹಲವು ಜನಾಂಗಗಳೂ ವ್ಯಾಪಾರಿಗಳ ಮೇಲೆ ತಿರುಗಿಬಿದ್ದರು. ಯಮಾಸಿಗಳ ಬಾಕಿ ಅದಕ್ಕೂ ಮೊದಲೇ ಒಂದು ಲಕ್ಷ ತೊಗಲಿನಷ್ಟಾಗಿತ್ತೆಂಬ ಲೆಕ್ಕವಿದೆ. ಬಾಕಿಗಾಗಿ ಹೆಂಡಿರು ಮಕ್ಕಳನ್ನು ಗುಲಾಮರಾಗಿ ಹಿಡಿದೊಯ್ಯುವುದೂ ನಡೆದಿತ್ತು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಮೊದಲ ಏಟಿಗೆ ಸಿಕ್ಕವರು ಸೈನಿಕರಲ್ಲ, ಸಾಲ ಕೊಟ್ಟವರು.

ಉತ್ತರದ ಒಹಾಯೊ ಸೀಮೆಯಲ್ಲಿ ಇದೇ ಎಣಿಕೆಗೆ ಬಕ್ ಎಂಬ ಹೆಸರು ನಿಂತಿತು. ಗಂಡಿನ ತೊಗಲು ದೊಡ್ಡದು, ತೂಕದ್ದು, ಅದಕ್ಕೇ ಅದು ಮಾನಕ. 1748ರಲ್ಲಿ ಪೆನ್ಸಿಲ್ವೇನಿಯಾದ ದುಭಾಷಿ ಕಾನ್ರಾಡ್ ವೈಸರ್ ಲಾಗ್ಸ್‌ಟೌನಿಗೆ ರಾಯಭಾರಿಯಾಗಿ ಹೋದಾಗ ಬರೆದ ದಿನಚರಿಯಲ್ಲಿ ದರೋಡೆಗೊಳಗಾದ ಒಬ್ಬನ ನಷ್ಟ 300 ಬಕ್, ವಿಸ್ಕಿಯ ಪೀಪಾಯಿಗೆ 5 ಬಕ್. ಆ ಬೆಲೆಗೆ ವ್ಯಾಪಾರಿ ಕೊಡದಿದ್ದರೆ ಕಿತ್ತುಕೊಂಡು ಪುಕ್ಕಟೆ ಕುಡಿಯಿರಿ ಎಂದು ವೈಸರ್ ಅಲ್ಲಿನವರಿಗೆ ಅಪ್ಪಣೆ ಕೊಟ್ಟಿದ್ದಾನೆ. ಸರ್ಕಾರದ ದರನಿಯಂತ್ರಣ ಇಷ್ಟು ನೇರವಾಗಿ ಜಾರಿಯಾದದ್ದು ಅಪರೂಪವಿರಬೇಕು. ದರೋಡೆಯಲ್ಲಿ ಹೋದದ್ದು 300 ಜಿಂಕೆಯ ತೊಗಲೇ ಆಗಿರಬೇಕಿಲ್ಲ. ಅಷ್ಟು ಬೆಲೆಯ ಸರಕು. ತೊಗಲು ಎದುರಿಗಿಲ್ಲದಿದ್ದರೂ ಲೆಕ್ಕ ಅದರಲ್ಲೇ ನಡೆಯುವಷ್ಟು ಬಕ್ ಬೆಳೆದಿತ್ತು.

ಇಲ್ಲಿ ನಿಘಂಟುಕಾರರು ತಡೆಯುತ್ತಾರೆ. ಡಾಲರಿಗೆ ಬಕ್ ಎಂದು ಬರೆದದ್ದು ಅಚ್ಚಿನಲ್ಲಿ ಮೊದಲು ಸಿಗುವುದು 1856ರಲ್ಲಿ, ಅದೂ ದೂರದ ಕ್ಯಾಲಿಫೋರ್ನಿಯಾದಲ್ಲಿ. ವೈಸರನಿಂದ ಅಲ್ಲಿಗೆ ನೂರಕ್ಕೂ ಹೆಚ್ಚು ವರ್ಷಗಳ ಅಂತರ. ಇಸ್ಪೀಟಾಟದಲ್ಲಿ ಸರದಿ ತೋರಿಸಲು ಇಡುತ್ತಿದ್ದ ಬಕ್ ಇನ್ನೊಂದಿದೆ. ಅಮೆರಿಕದ ಅಧ್ಯಕ್ಷ ಟ್ರೂಮನ್ ಹೊಣೆ ತನ್ನಲ್ಲೇ ನಿಲ್ಲುತ್ತದೆಂದು ಮೇಜಿನ ಮೇಲಿಟ್ಟ ಫಲಕದಲ್ಲಿದ್ದದ್ದು ಆ ಬಕ್. ಡಾಲರಿನ ಬಕ್ ಯಾವುದರಿಂದ ಬಂತೆಂದು ಆಣೆ ಮಾಡಿ ಹೇಳಲಾಗದು ಎಂಬ ನಿಘಂಟುಕಾರರ ಎಚ್ಚರಿಕೆ ನ್ಯಾಯವಾದದ್ದೇ. ಆದರೆ ಪದ ಎಲ್ಲೋ ಕಡಿದು ಮತ್ತೆಲ್ಲೋ ಚಿಗುರಿರಬಹುದು, ಸಾಲ ಕಡಿಯಲಿಲ್ಲ. ಅದಕ್ಕೆ ಸಾಕ್ಷಿ ನಿಘಂಟಿನಲ್ಲಲ್ಲ, ಒಪ್ಪಂದದ ಪತ್ರಗಳಲ್ಲಿದೆ.

ಬ್ರಿಟನ್ನಿನ 1763ರ ರಾಜಾಜ್ಞೆಯ ಪ್ರಕಾರ ಮೂಲನಿವಾಸಿಗಳ ನೆಲವನ್ನು ಖಾಸಗಿಯವರು ಕೊಳ್ಳುವಂತಿರಲಿಲ್ಲ. ಆದರೂ ಸಾಲ ವಸೂಲಾಗದ ವ್ಯಾಪಾರಿಗಳು ಚೆರೋಕಿಗಳಿಂದ ಬಾಕಿಗೆ ಬದಲಾಗಿ ನೆಲದ ಒಪ್ಪಿಗೆ ಪಡೆದರು. ಜಾರ್ಜಿಯಾದ ಗವರ್ನರ್ ಜೇಮ್ಸ್ ರೈಟ್ ಅದನ್ನು ಸರ್ಕಾರದ ವ್ಯವಹಾರವಾಗಿಸಿದ. 1773ರಲ್ಲಿ ಆಗಸ್ಟಾದಲ್ಲಿ ಚೆರೋಕಿ ಮತ್ತು ಕ್ರೀಕ್ ಜನಾಂಗಗಳು 20 ಲಕ್ಷ ಎಕರೆಗೂ ಮಿಕ್ಕಿದ ನೆಲ ಬಿಟ್ಟುಕೊಟ್ಟವು. ವಲಸಿಗರಿಗೆ ಅದನ್ನು ಮಾರಿ ಬಂದ ಹಣದಲ್ಲಿ ವ್ಯಾಪಾರಿಗಳ ಬಾಕಿ ತೀರಿಸುವುದು ಏರ್ಪಾಡು. ಚೆರೋಕಿಗಳು ಕೊಟ್ಟದ್ದು ತಮ್ಮ ಬೇಟೆಯ ಕಾಡು ಎಂದು ಕ್ರೀಕರು ಮೊದಲೇ ತಕರಾರೆತ್ತಿದ್ದರು. ಸಹಿಯಾದ ಮೇಲೂ ಕ್ರೀಕ್ ಯುವಕರ ಸಿಟ್ಟು ಆರಲಿಲ್ಲ, ಆ ಚಳಿಗಾಲದಲ್ಲೇ ಗಡಿಯಲ್ಲಿ ರಕ್ತ ಹರಿಯಿತು.

ಮೂಲನಿವಾಸಿಗಳನ್ನು ಏನೂ ತಿಳಿಯದ ಮುಗ್ಧರೆಂದು ಚಿತ್ರಿಸುವುದು ಅವರಿಗೆ ಮಾಡುವ ಇನ್ನೊಂದು ಅವಮಾನ ಎಂಬ ಆಕ್ಷೇಪ ನಿಘಂಟುಕಾರರದಕ್ಕಿಂತ ಗಟ್ಟಿಯಾದದ್ದು. ಕ್ರೀಕರ ತೊಗಲ ವ್ಯಾಪಾರದ ಬಗ್ಗೆ ಕ್ಯಾಥರಿನ್ ಬ್ರಾಂಡ್ 1993ರಲ್ಲಿ ಪ್ರಕಟಿಸಿದ ಪುಸ್ತಕದಂಥ ಅಧ್ಯಯನಗಳು ಅವರು ಎಂಥ ಚೌಕಾಸಿಯ ಗಿರಾಕಿಗಳೆಂದು ತೋರಿಸಿವೆ: ಬಟ್ಟೆಯ ಬಣ್ಣ ಒಪ್ಪದಿದ್ದರೆ ತಿರಸ್ಕರಿಸುತ್ತಿದ್ದರು, ತೂಕದ ಮೋಸಕ್ಕೆ ಜಗಳ ತೆಗೆಯುತ್ತಿದ್ದರು. ಒಪ್ಪಬೇಕಾದ ಮಾತು. ಆದರೆ ಅಂಗಡಿಕಟ್ಟೆಯ ಮುಂದಿನ ಜಾಣತನ ಒಂದು ಹಂತದವರೆಗೆ ಮಾತ್ರ ನಡೆಯುತ್ತದೆ. ತೊಗಲಿಗೆ ಲಂಡನ್ನಿನಲ್ಲಿ ಎಷ್ಟು ಬೆಲೆಯೆಂಬುದು ಬೇಟೆಗಾರನ ಕೈಯಲ್ಲಿರಲಿಲ್ಲ. ಆಗಸ್ಟಾದ ವ್ಯಾಪಾರಿಯೂ ಲಂಡನ್ನಿನ ಸಾಹುಕಾರನಿಗೆ ಸಾಲಗಾರನೇ. ಅದಕ್ಕಿಂತ ದೊಡ್ಡದು, ಸಾಲ ಮಾಡಿದವನು ಒಬ್ಬ, ತೆತ್ತದ್ದು ಇಡೀ ಊರು. ಬೇಟೆಗಾರ ತನ್ನ ಹೆಸರಲ್ಲಿ ಬಂದೂಕು ತಂದ, ತೀರುವೆಗೆ ಹೋದದ್ದು ಯಾರೊಬ್ಬರ ಸ್ವತ್ತೂ ಅಲ್ಲದ, ಎಲ್ಲರೂ ಬಾಳಬೇಕಾಗಿದ್ದ ಕಾಡು. ಬಿಡಿ ಬಾಕಿಗಳನ್ನು ಕೂಡಿಸಿ ಜನಾಂಗದ ಬಾಕಿ ಮಾಡಿದ ಆ ಸಂಕಲನವನ್ನು ಯಾವ ಚೌಕಾಸಿಯೂ ತಡೆಯಲಾರದಾಗಿತ್ತು.

ಬ್ರಿಟಿಷರು ಹೋದ ಮೇಲೆ ಹೊಸ ಗಣರಾಜ್ಯ ಇದನ್ನು ಗುಟ್ಟಾದ ನೀತಿಯನ್ನಾಗಿಯೇ ಕೈಗೆತ್ತಿಕೊಂಡಿತು. ಸರ್ಕಾರಿ ಮಳಿಗೆಗಳನ್ನು ಹೆಚ್ಚಿಸೋಣ, ಪ್ರಭಾವಿಗಳು ಸಾಲಕ್ಕೆ ಬಿದ್ದರೆ ಸಂತೋಷವೇ, ಬಾಕಿ ಮೀರಿದಾಗ ನೆಲ ಬಿಟ್ಟುಕೊಡಲು ಮುಂದಾಗುತ್ತಾರೆ ಎಂಬ ಆಶಯವನ್ನು ಅಧ್ಯಕ್ಷ ಜೆಫರ್ಸನ್ 1803ರ ಫೆಬ್ರವರಿಯಲ್ಲಿ ಇಂಡಿಯಾನಾ ಸೀಮೆಯ ಗವರ್ನರ್ ವಿಲಿಯಂ ಹೆನ್ರಿ ಹ್ಯಾರಿಸನ್‌ಗೆ ಬರೆದ ಖಾಸಗಿ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಮೂರು ವರ್ಷದೊಳಗೆ, 1805ರ ಮೌಂಟ್ ಡೆಕ್ಸ್‌ಟರ್ ಒಪ್ಪಂದದಲ್ಲಿ, ಚಾಕ್ಟಾ ಜನಾಂಗದವರು 40 ಲಕ್ಷ ಎಕರೆಗೂ ಹೆಚ್ಚು ನೆಲ ಬಿಟ್ಟರು. ಪ್ರತಿಯಾಗಿ ನಿಗದಿಯಾದ ಐವತ್ತು ಸಾವಿರ ಚಿಲ್ಲರೆ ಡಾಲರುಗಳಲ್ಲಿ 48,000 ಡಾಲರ್ ತೊಗಲ ವ್ಯಾಪಾರಿಗಳ ಬಾಕಿಗೇ ಮೀಸಲಾಯಿತು. ಅದರಲ್ಲಿ ಸಿಂಹಪಾಲು ಪ್ಯಾಂಟನ್ ಲೆಸ್ಲಿ ಎಂಬ ಕಂಪನಿಯದು. ಒಪ್ಪಂದದಲ್ಲಿ ತೊಗಲಿನ ಎಣಿಕೆ ಇಲ್ಲ, ಅಂಕಿಗಳೆಲ್ಲ ಡಾಲರಿನಲ್ಲಿವೆ. ಜಿಂಕೆ ಡಾಲರಾಗಿ ಬದಲಾದದ್ದು ಕ್ಯಾಲಿಫೋರ್ನಿಯಾದ ಪತ್ರಿಕೆ ಆ ಪದ ಅಚ್ಚು ಹಾಕುವುದಕ್ಕೆ ಅರ್ಧ ಶತಮಾನ ಮುಂಚೆ, ವ್ಯಾಪಾರಿಯ ಖಾತೆಪುಸ್ತಕದಲ್ಲಿ.