ಎತ್ತಿಗೆ ಸೋಮವಾರವಿದೆ, ಮಾಸ್ತರರಿಗೆ?



ಕಳೆದ ವಾರ ಇಂಡಿ ತಾಲೂಕಿನಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಅವಳೂ ಈಗ ನನ್ನಂತೆಯೇ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಕುಶಲ ವಿಚಾರಣೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಮುಂಜಾನೆ ಸಾಲಿಗೆ ಹೋಗಬೇಕಂದ್ರ ಕಾಲ ಏಳವಲ್ವು. ರಾತ್ರಿ ನಿದ್ದಿ ಇಲ್ಲ. ಹುಡುಗರ ಮುಖ ನೋಡಿದ್ರ ಮೊದಲಿನ ಖುಷಿ ಬರವಲ್ದು. ಡಾಕ್ಟರು ರಜಾ ಹಾಕ್ರಿ ಅಂದಾರ. ಹಾಕಬೇಕೋ ಬ್ಯಾಡೋ ತಿಳೀವಲ್ದು. ಬಸವಣ್ಣ ಹುಟ್ಟಿದ ನಾಡಾಗಿದ್ದು ಕಾಯಕ ಬಿಟ್ಟು ಮನ್ಯಾಗ ಕುಂತಳು ಅಂತ ಮಂದಿ ಆಡಿಕೊಂಡ್ರ ಏನು ಮಾಡ್ಲಿ?” ಎಂದಳು.

“ಎರಡು ದಿನ ಕೊಡವ್ವಾ, ವಿಚಾರ ಮಾಡಿ ಹೇಳ್ತೀನಿ” ಎಂದೆ. ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸ ಬೋಧಿಸಿದವನು ನಾನು. ಯಾವ ಪ್ರಶ್ನೆ ಎದುರಾದರೂ ನಮ್ಮ ಹಿಂದಿನವರು ಇದಕ್ಕೆ ಏನು ಮಾಡಿದರು ಎಂದು ನೋಡುವುದು ನನ್ನ ಹಳೆಯ ಚಾಳಿ. ಹಾಗೆ ನೋಡುತ್ತ ಹೋದಾಗ ಹೊಳೆದ ಸಂಗತಿಗಳನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಅವಳ ಅಂಜಿಕೆಯ ಮೂಲವಾದ ಕಾಯಕದ ಮಾತು. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಮಡಿವಾಳ ಮಾಚಿದೇವನದು ದೇವರ ಹಿಪ್ಪರಗಿ. ಅದು ಮೊದಲು ಸಿಂದಗಿ ತಾಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲೂಕು. ನೀಲಾಂಬಿಕೆ ಐಕ್ಯಳಾದ ತಂಗಡಗಿ ಮುದ್ದೇಬಿಹಾಳ ತಾಲೂಕಿನ ಕೃಷ್ಣಾ ತೀರದಲ್ಲಿದೆ. ದುಡಿಮೆಗೆ ಪೂಜೆಯ ಘನತೆ ತಂದುಕೊಟ್ಟ ನೆಲ ನಮ್ಮದೆಂಬ ಅಭಿಮಾನ ನಮಗೆಲ್ಲರಿಗೂ ಉಂಟು, ಇರಬೇಕಾದದ್ದೇ. ಆದರೆ ಆ ತತ್ತ್ವವನ್ನು ನಾವು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೇವೆ ಎಂದು ನನಗೆ ಅನಿಸುತ್ತದೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆ ತಿಳಿದೇ ಇದೆ. ಅವರು ಕೃಷ್ಣೆಯ ಆಚೆ ದಡದ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಬಸವಣ್ಣನವರು ಪರೀಕ್ಷಿಸಲೆಂದು ಒಂದು ದಿನ ಹೆಚ್ಚು ಅಕ್ಕಿ ಚೆಲ್ಲಿಸಿದರಂತೆ. ಮಾರಯ್ಯ ಅದನ್ನೂ ಆಯ್ದು ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ಇದು ನಮ್ಮ ನಿತ್ಯದ ಅಳತೆಗಿಂತ ಹೆಚ್ಚಾಯಿತು, ಹೋಗಿ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆಸೆಯ ನಿರಾಕರಣೆಗೆ ಉದಾಹರಣೆಯಾಗಿ ನಾವು ಈ ಕಥೆಯನ್ನು ತರಗತಿಯಲ್ಲಿ ಹೇಳುತ್ತೇವೆ. ಅದರಲ್ಲಿ ಇನ್ನೊಂದು ಅರ್ಥವೂ ಇದೆ. ಕಾಯಕಕ್ಕೆ ಒಂದು ಅಳತೆಯುಂಟು. ಅಳತೆ ಮೀರಿದ್ದು ಕಾಯಕವಲ್ಲ. ಹೆಚ್ಚು ದುಡಿದವನೇ ಹೆಚ್ಚಿನ ಶರಣ ಎಂದು ಆ ಕಥೆ ಹೇಳುವುದಿಲ್ಲ.

ಈ ಅಳತೆಯ ತಿಳಿವಳಿಕೆ ನಮ್ಮ ಒಕ್ಕಲಿಗರಲ್ಲಿ ಇಂದಿಗೂ ಉಳಿದಿದೆ. ಸೋಮವಾರ ಬಸವನ ವಾರ. ಅಂದು ನಮ್ಮ ಕಡೆಯ ರೈತರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹದ ತಪ್ಪುತ್ತದೆ, ಬಿತ್ತನೆ ಹಿಂದೆ ಬೀಳುತ್ತದೆ ಎಂಬ ಅವಸರವಿದ್ದರೂ ಅಂದು ಎತ್ತು ಗೋದಲಿಯ ಮುಂದೆಯೇ. ಕಾರ ಹುಣ್ಣಿಮೆಯಲ್ಲಿ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು ಮೆರೆಸುತ್ತಾರೆ. ಶ್ರಾವಣ ಬಂತೆಂದರೆ ಬಾಗೇವಾಡಿಯ ಮೂಲ ನಂದೀಶ್ವರನ ಜಾತ್ರೆ. ನನ್ನ ಬಾಲ್ಯದಲ್ಲಿ ಅಪ್ಪ ದಿನವೂ ಸಂಜೆ ಕೊರಳು ಹರಿದ ಕೂಡಲೇ ಎತ್ತಿನ ಹೆಗಲ ಮೇಲೆ ಅಂಗೈಯಾಡಿಸುತ್ತಿದ್ದುದು ನೆನಪಿದೆ. ಬಾವು ಕೈಗೆ ತಗುಲಿದರೆ ಮರುದಿನ ಗಳೇ ಹೂಡುತ್ತಿರಲಿಲ್ಲ. ಎತ್ತು ತನಗೆ ನೋವೆಂದು ಅರ್ಜಿ ಬರೆಯಲಾರದು. ಆದ್ದರಿಂದ ನೋಡುವ ಹೊಣೆ ಒಡೆಯನದು ಎಂದು ಅವರು ಭಾವಿಸಿದ್ದರು.

ಮನೆಯೊಳಗೆ ದುಡಿಯುವ ಹೆಣ್ಣುಮಕ್ಕಳಿಗೆ ಇಂಥ ವಾರದ ಬಿಡುವು ಇರಲಿಲ್ಲ. ನಸುಕಿನಲ್ಲಿ ಎದ್ದು ಜೋಳ ಬೀಸುವುದರಿಂದ ಅವರ ದಿನ ಆರಂಭ. ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನ ತಂದರು. ಅದನ್ನು ಸಾಹಿತ್ಯವೆಂದು ಓದುವಾಗ, ಅದು ದಣಿದ ತೋಳುಗಳ ಉಸಿರೂ ಹೌದೆಂಬುದನ್ನು ಮರೆಯಬಾರದು. ಅವರಿಗಿದ್ದ ನಿಜವಾದ ರಜೆ ಎಂದರೆ ನಾಗರ ಪಂಚಮಿ. ಅಣ್ಣನೋ ತಮ್ಮನೋ ಕರೆಯಲು ಬರಬೇಕು. ತವರಿನಲ್ಲಿ ಜೋಕಾಲಿ, ಅಳ್ಳು, ತಂಬಿಟ್ಟು, ಉಂಡಿ. ಯಾರೂ ಅದನ್ನು ಸೋಮಾರಿತನ ಎನ್ನಲಿಲ್ಲ. ಕರೆಯಲು ಬಾರದ ಅಣ್ಣನಿಗೆ ಊರು ಛೀಮಾರಿ ಹಾಕುತ್ತಿತ್ತು. ಬಿಡುವು ಬೇಡುವುದು ದುಡಿಯುವವಳ ಕೆಲಸವಾಗಿರಲಿಲ್ಲ, ಕೊಡುವುದು ಬಂಧುಗಳ ಕರ್ತವ್ಯವಾಗಿತ್ತು.

ಇನ್ನು ನಮ್ಮ ವೃತ್ತಿಯ ಕಡೆಗೆ ಬರೋಣ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವೊಂದು ದೊರೆತಿದೆ. ಅರಸನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ್ದನ್ನೂ, ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದುದನ್ನೂ, ಅವರ ವಸತಿಗೆ, ದೀಪದ ಎಣ್ಣೆಗೆ, ಉಪಾಧ್ಯಾಯನ ಜೀವನಕ್ಕೆ ಭೂಮಿ ಬಿಟ್ಟದ್ದನ್ನೂ ಅದು ತಿಳಿಸುತ್ತದೆ. ಸಾವಿರ ವರ್ಷಗಳಿಗೂ ಹಿಂದೆ ಈ ನೆಲದ ಜನ ದೀಪಕ್ಕೂ ಮಾಸ್ತರನಿಗೂ ಎಣ್ಣೆ ಬೇಕೆಂದು ಬಲ್ಲವರಾಗಿದ್ದರು. ಹಳೆಯ ಧರ್ಮಶಾಸ್ತ್ರಗಳಲ್ಲಿ ‘ಅನಧ್ಯಾಯ’ವೆಂಬ ಕಟ್ಟಳೆಯೂ ಇದೆ. ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿಗಳಂಥ ದಿನಗಳಲ್ಲಿ ವೇದಪಾಠ ನಿಷಿದ್ಧ. ಕಾರಣ ಏನೇ ಹೇಳಿರಲಿ, ಹೇಳುವ ಕಂಠಕ್ಕೂ ಕೇಳುವ ಕಿವಿಗೂ ಅದರಿಂದ ವಿಶ್ರಾಂತಿ ಸಿಗುತ್ತಿತ್ತು.

ಕಾರ್ಖಾನೆಗಳು ಬಂದಾಗ ಈ ಎಲ್ಲ ಅಳತೆಗಳೂ ಮುರಿದವು. ಯಂತ್ರಕ್ಕೆ ಸೋಮವಾರವಿಲ್ಲ, ಪಂಚಮಿಯಿಲ್ಲ. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬರ ಬಿದ್ದಾಗ ಇಂಡಿ, ಸಿಂದಗಿಯ ಕಡೆಯ ಜನ ಸೊಲ್ಲಾಪುರದ ಗಿರಣಿಗಳಿಗೆ ಗುಳೆ ಹೋಗುತ್ತಿದ್ದರು. ಮುಂಬಯಿಯಲ್ಲಿ ಜೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರನ್ನು ಸಂಘಟಿಸಿದರು. ಐದೂವರೆ ಸಾವಿರ ಕೈರುಜುಗಳ ಮನವಿಯ ಮೊದಲ ಬೇಡಿಕೆಗಳಲ್ಲಿ ವಾರಕ್ಕೊಂದು ಬಿಡುವೂ ಒಂದು. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾರ್ಖಾನೆ ಕಾಯಿದೆ ವಾರದ ರಜೆಯನ್ನು ಕಾನೂನಾಗಿಸಿತು. ನಾವು ಇಂದು ಸಹಜವೆಂದು ಅನುಭವಿಸುವ ಭಾನುವಾರಕ್ಕಾಗಿ ದುಡಿಯುವ ಜನ ಆರು ವರ್ಷ ಹೋರಾಡಿದ್ದಾರೆ. ನಮ್ಮ ಊರಿನ ಎತ್ತಿಗೆ ತಲೆತಲಾಂತರದಿಂದ ಇದ್ದ ಹಕ್ಕು ಮನುಷ್ಯನಿಗೆ ದೊರೆತದ್ದು ಅಷ್ಟು ತಡವಾಗಿ!

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1958ರ ನಾಗರಿಕ ಸೇವಾ ನಿಯಮಗಳೇ ಇಂದಿಗೂ ಸರಕಾರಿ ಶಿಕ್ಷಕರ ರಜೆಯ ಆಧಾರ. ಪ್ರತಿ ವರ್ಷದ ಸೇವೆಗೆ 20 ದಿನಗಳ ಅರ್ಧ ವೇತನ ರಜೆ ನಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ. ವೈದ್ಯರ ಪ್ರಮಾಣಪತ್ರ ಕೊಟ್ಟರೆ ಅದನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು. ಆಗ ಒಂದು ದಿನಕ್ಕೆ ಎರಡು ದಿನ ಖರ್ಚು ಬೀಳುತ್ತದೆ. ಹಲವು ವರ್ಷಗಳಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಸರಕಾರಿ ಕಚೇರಿಗಳ ವೇಳೆಯನ್ನು ಬಿಸಿಲಿನ ಕಾರಣಕ್ಕಾಗಿಯೇ ಬೆಳಗಿನ ಹೊತ್ತಿಗೆ ಬದಲಾಯಿಸುವ ಪರಿಪಾಠವೂ ಇದೆ. ಅಂದರೆ ದೇಹಕ್ಕೊಂದು ಮಿತಿಯಿದೆ ಎಂಬುದನ್ನು ಸರಕಾರವೂ ಒಪ್ಪಿದೆ. ಒಪ್ಪದಿರುವವರು ನಾವೇ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಇಷ್ಟು ವರ್ಷ ಯಾರಿಗೂ ಹೇಳದ ಒಂದು ಸಂಗತಿ ಇದೆ.

ಅದು 2001ನೆಯ ಇಸವಿ. ನಾನು ಸಿಂದಗಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಫೆಬ್ರುವರಿಯಲ್ಲಿ ಜನಗಣತಿಯ ಮೇಲ್ವಿಚಾರಣೆ, ಆ ಬಳಿಕ ಎಸ್ಸೆಸ್ಸೆಲ್ಸಿ ಪರೀಕ್ಷೆ, ಬೇಸಿಗೆ ರಜೆಯಲ್ಲಿ ಮೌಲ್ಯಮಾಪನ. ಜೂನ್‌ನಲ್ಲಿ ಇಬ್ಬರು ಸಹೋದ್ಯೋಗಿಗಳಿಗೆ ವರ್ಗವಾಗಿ ಅವರ ಪಾಠಗಳೂ ನನ್ನ ಪಾಲಿಗೆ ಬಂದವು. ಇಲ್ಲವೆನ್ನಲು ನನಗೆ ಬರುತ್ತಿರಲಿಲ್ಲ; ಅದನ್ನೇ ಕಾಯಕನಿಷ್ಠೆ ಎಂದುಕೊಂಡಿದ್ದೆ. ಕ್ರಮೇಣ ನಿದ್ದೆ ಹೋಯಿತು. ನಾನೇ ಪ್ರೀತಿಯಿಂದ ಮಾಡುತ್ತಿದ್ದ ಪಾಠ ನನಗೇ ರುಚಿಸದಾಯಿತು. ಮಕ್ಕಳೆಂದರೆ ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟಿನಂತೆ ಕಾಣತೊಡಗಿದರು. ಆಗಸ್ಟ್ ತಿಂಗಳ ಒಂದು ಶನಿವಾರ, ಹತ್ತನೆಯ ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗನೊಬ್ಬನ ಕೆನ್ನೆಗೆ ಬಾರಿಸಿದೆ. ಒಂದಲ್ಲ, ಎರಡು ಏಟು. ತರಗತಿ ಸ್ತಬ್ಧವಾಯಿತು. ಹುಡುಗ ಅಳಲಿಲ್ಲ. ನನ್ನ ಕೈ ನಡುಗುತ್ತಿತ್ತು.

ಸೋಮವಾರ ಅವನ ತಂದೆ ಶಾಲೆಗೆ ಬಂದ. ಜಗಳಕ್ಕೆ ಬಂದನೆಂದು ನಾನು ಅಂಜಿದೆ. ಆತ ನನ್ನನ್ನು ಬೇವಿನ ಗಿಡದ ನೆರಳಿಗೆ ಕರೆದು ಮೆಲ್ಲನೆ ಹೇಳಿದ: “ಮಳಿ ಕೈ ಕೊಟ್ಟದ್ರಿ. ಕರೆಂಟ್ ರಾತ್ರಿ ಅಷ್ಟ ಬರ್ತದ. ಹುಡುಗ ರಾತ್ರಿಯೆಲ್ಲಾ ನೀರು ಹಾಯಿಸ್ಯಾನ್ರಿ. ಅದಕ್ಕ ತೂಕಡಿಸ್ಯಾನ.” ನಾನು ತಲೆ ತಗ್ಗಿಸಿದೆ. ಆತ ನನ್ನ ಮುಖವನ್ನೇ ನೋಡಿ, “ನಿಮ್ಮ ಕಣ್ಣೂ ಕೆಂಪಗ ಆಗ್ಯಾವಲ್ರಿ ಮಾಸ್ತರ್ರ. ಎತ್ತಿನ ಹೆಗಲ ಬಾತಿದ್ರ ನಾವು ಗಳೇ ಹೂಡಂಗಿಲ್ಲ. ನಿಮ್ಮ ಹೆಗಲ ಯಾರು ನೋಡ್ಯಾರ್ರಿ?” ಎಂದ.

ಅಂದು ಸೋಮವಾರವಾದ್ದರಿಂದಲೇ ಆತನಿಗೆ ಶಾಲೆಯವರೆಗೆ ಬರಲು ಬಿಡುವಿತ್ತು ಎಂಬುದು ಆಮೇಲೆ ಹೊಳೆಯಿತು. ಅವನ ಎತ್ತುಗಳು ಮನೆಯಲ್ಲಿ ಮೇಯುತ್ತಿದ್ದವು.

ಆ ರಾತ್ರಿ ರಜೆಯ ಅರ್ಜಿ ಬರೆದೆ. ಎಂಟು ದಿನ ಅದು ನನ್ನ ಅಂಗಿಯ ಕಿಸೆಯಲ್ಲಿಯೇ ಇತ್ತು. ಕೈ ಮುರಿದಿದ್ದರೆ, ಕಾಮಾಲೆಯಾಗಿದ್ದರೆ ನಾಚಿಕೆಯಾಗುತ್ತಿರಲಿಲ್ಲ. ಕಣ್ಣಿಗೆ ಕಾಣದ ಬಳಲಿಕೆಯನ್ನು ಹೇಗೆ ತೋರಿಸುವುದು? ಕೊನೆಗೆ ವೈದ್ಯರನ್ನು ಕಂಡೆ. ರಕ್ತದೊತ್ತಡ ಏರಿತ್ತು. ಅವರ ಪ್ರಮಾಣಪತ್ರದೊಡನೆ 20 ದಿನ ರಜೆ ಪಡೆದೆ. “ನೋಡೂದಕ್ಕ ಚಲೋನ ಇದ್ದೀರಲ್ಲ” ಎಂದು ಒಬ್ಬರು ಅಂದದ್ದು ನಿಜ, ಅದು ಚುಚ್ಚಿದ್ದೂ ನಿಜ. ಮೊದಲ ವಾರ ಬರೀ ಮಲಗಿದೆ. ಎರಡನೆಯ ವಾರ ತಮ್ಮನ ಹೊಲದಲ್ಲಿ ಸುಮ್ಮನೆ ತಿರುಗಾಡಿದೆ. ಮೂರನೆಯ ವಾರ ಒಂದು ಮುಂಜಾನೆ ಪಾಠದ ಪುಸ್ತಕ ತೆರೆಯಬೇಕೆನಿಸಿತು. ಮರಳಿ ಹೋದಾಗ ಶಾಲೆ ಇದ್ದಲ್ಲಿಯೇ ಇತ್ತು, ನಾನಿಲ್ಲದೆ ಬಿದ್ದುಹೋಗಿರಲಿಲ್ಲ. ಮೊದಲ ದಿನವೇ ತರಗತಿಯ ಮುಂದೆ ನಿಂತು ಆ ಹುಡುಗನ ಕ್ಷಮೆ ಕೇಳಿದೆ. ಹೆಚ್ಚಿನ ಪಾಠಗಳನ್ನು ಹಂಚಿಕೊಡಬೇಕೆಂದು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೇಳಿದೆ. ಎಲ್ಲವೂ ಅಲ್ಲದಿದ್ದರೂ ಕೆಲವು ಕಡಿಮೆಯಾದವು. ಅದಾಗದಿದ್ದರೆ ರಜೆಯ ಫಲ ಎರಡು ತಿಂಗಳೂ ಉಳಿಯುತ್ತಿರಲಿಲ್ಲ.

ನನಗಾದದ್ದಕ್ಕೆ ಆಗ ಹೆಸರು ಗೊತ್ತಿರಲಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿಯೇ ಇದನ್ನು ‘ಬರ್ನ್‌ಔಟ್’ ಎಂದು ಕರೆದು ಬರೆದಿದ್ದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಇದರ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಕಹಿಯಾಗುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಅದು ಇದನ್ನು ರೋಗವೆಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಈ ಭೇದ ಮುಖ್ಯ. ತಪ್ಪು ಎತ್ತಿನದಷ್ಟೇ ಅಲ್ಲ, ನೊಗದ ಭಾರವನ್ನೂ ನೋಡಬೇಕು ಎಂದು ಅದರ ತಾತ್ಪರ್ಯ. ಆದರೆ ಇದರ ಜೊತೆಗೆ ನಿದ್ರಾಹೀನತೆ, ಖಿನ್ನತೆ, ರಕ್ತದೊತ್ತಡಗಳು ಸೇರಿಕೊಳ್ಳಬಹುದು. ಅವು ಚಿಕಿತ್ಸೆ ಬೇಕಾದ ಕಾಯಿಲೆಗಳೇ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಕನ್ನಡದಲ್ಲಿಯೇ ಮಾತನಾಡಬಹುದು.

ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕು. ಮದುವೆ, ಮುಂಜಿಗಳಿಗೆ ಸುಳ್ಳು ಪ್ರಮಾಣಪತ್ರ ತಂದು ವೈದ್ಯಕೀಯ ರಜೆ ಹಾಕುವ ನಮ್ಮ ಕೆಲವರ ಅಭ್ಯಾಸವೇ ನಿಜವಾಗಿ ಬಳಲಿದವರ ಮೇಲೆ ಸಂಶಯ ತಂದಿದೆ. ಮಂದಿ ಆಡಿಕೊಳ್ಳುವುದಕ್ಕೆ ಅರ್ಧ ಕಾರಣ ನಾವೇ.

ಎರಡು ದಿನಗಳ ಬಳಿಕ ನನ್ನ ವಿದ್ಯಾರ್ಥಿನಿಗೆ ಫೋನ್ ಮಾಡಿ ಇಷ್ಟು ಹೇಳಿದೆ: “ರಜಾ ಹಾಕವ್ವಾ. ಡಾಕ್ಟರಿಗೆ ಇದ್ದದ್ದು ಇದ್ದಂಗ ಹೇಳು. ತಿರುಗಿ ಹೋದಾಗ ಭಾರ ಕಡಿಮಿ ಮಾಡ್ರಿ ಅಂತ ಬರದು ಕೊಡು. ಲಕ್ಕಮ್ಮ ಹೆಚ್ಚಿನ ಅಕ್ಕಿ ತಿರುಗಿ ಕಳಿಸಿದ್ಲು ಅನ್ನೋದನ್ನ ಹುಡುಗರಿಗೆ ಕಲಿಸ್ತೀ, ನೀನೂ ಸ್ವಲ್ಪ ತಿರುಗಿ ಕಳಿಸು.”

ಆ ಕಡೆಯಿಂದ ಅವಳು ನಕ್ಕಳು, ಬಳಿಕ ಅತ್ತಳು. ನಿನ್ನೆ ಅರ್ಜಿ ಕೊಟ್ಟಳಂತೆ. ನಿನ್ನೆ ಸೋಮವಾರ.