ಹೆಜ್ಜಾರ್ಲೆ ಹೋಗಿ ಹೆಜ್ಜಾಲೆರ್ ಆದದ್ದು

ನಾನು ಪಾಠ ಹೇಳುತ್ತಿದ್ದ ಕೊಕ್ಕರೆ ಬೆಳ್ಳೂರಿನಲ್ಲಿ, ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಮರುವರ್ಷ ಮಕ್ಕಳಿಂದ ಹಿರಿಯರ ಮಾತು ಬರೆಸಿ ಒಂದು ಪುಟ್ಟ ಪುಸ್ತಕ ಮಾಡಿದೆವು. ಕಂಪ್ಯೂಟರ್ ನನಗೆ ಹೊಸದು. ಒಂದೊಂದೇ ಅಕ್ಷರ ಹುಡುಕಿ ನುಡಿಯಲ್ಲಿ ಟೈಪ್ ಮಾಡಿದೆ. ಮುದ್ರಣಾಲಯದವರು ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದರು. ಅವರಲ್ಲೂ ನುಡಿ ಫಾಂಟ್ ಇದ್ದುದರಿಂದ ಎಲ್ಲ ಸರಿಹೋಯಿತು.

ಅದೇ ಮಾತುಗಳನ್ನು ಪವರ್‌ಪಾಯಿಂಟಿಗೆ ಅಂಟಿಸಿ ವಸ್ತುಪ್ರದರ್ಶನಕ್ಕೆ ಒಯ್ದಾಗ ಮಾನ ಹೋಯಿತು. ಅಲ್ಲಿಯ ಕಂಪ್ಯೂಟರಿನಲ್ಲಿ ನುಡಿ ಇರಲಿಲ್ಲ. ತೆರೆಯ ತುಂಬ ಟೊಪ್ಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು! 'ಕನ್ನಡ' ಎಂಬ ಪದದ ನಡುವೆ ಬ್ರಿಟಿಷರ ಪೌಂಡಿನ ಗುರುತು. ಮಕ್ಕಳು ನನ್ನ ಮುಖ ನೋಡಿದರು.

ಆಮೇಲೆ ತಿಳಿಯಿತು. 1998ರ ಬರಹವಾಗಲಿ, ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ ಹಳೆಯ ಫಾಂಟುಗಳಲ್ಲಿ ಕನ್ನಡವನ್ನು ಕನ್ನಡವಾಗಿ ಇಟ್ಟಿರಲಿಲ್ಲ. ಇಂಗ್ಲಿಷಿನ ಮನೆಗಳಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದವು: 'ಕ'ದ ಒಡಲು ಒಂದು ಮನೆಯಲ್ಲಿ, ತಲೆಕಟ್ಟು ಇನ್ನೊಂದರಲ್ಲಿ. ಶ್ರೀಲಿಪಿಯ ಲೆಕ್ಕ ಬೇರೆಯೇ. ಹಾಗೆಂದು ಅವನ್ನು ಹಳಿಯಲಾರೆ. ಅವಿಲ್ಲದಿದ್ದರೆ ನನ್ನಂಥವರು ಕನ್ನಡದಲ್ಲಿ ಒಂದು ಅರ್ಜಿಯನ್ನೂ ಟೈಪ್ ಮಾಡುತ್ತಿರಲಿಲ್ಲ. ಕನ್ನಡಕ್ಕೆ ಸ್ವಂತ ಮನೆ ಕೊಟ್ಟ ಯೂನಿಕೋಡ್ 1991ರಲ್ಲೇ ಬಂದಿದ್ದರೂ ನಮ್ಮ ಕಡೆಯ ಅಚ್ಚಿನ ಮನೆಗಳಿಗೆ ಅದು ಕಾಲಿಟ್ಟದ್ದು ಬಹಳ ತಡವಾಗಿ. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಅಂಟಿಸಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉದುರುತ್ತಿದ್ದವು.

2016ರಲ್ಲಿ ಪುಸ್ತಕದ ಮರುಮುದ್ರಣವಾಯಿತು. ಪರಿವರ್ತಕದಲ್ಲಿ ಹಾಕಿ ಎಲ್ಲವನ್ನೂ ಯೂನಿಕೋಡ್ ಮಾಡಿಕೊಟ್ಟರು. ನಾನು ನೋಡದೆ ಒಪ್ಪಿಕೊಂಡೆ. ಮಾತು ಕೊಟ್ಟಿದ್ದ ಅಜ್ಜಿಯೊಬ್ಬರು ಮೊಮ್ಮಗನಿಂದ ಓದಿಸಿ ಕೇಳಿದರು. ಅವನು ಅಚ್ಚಾಗಿದ್ದಂತೆಯೇ 'ಹೆಜ್ಜಾಲೆರ್' ಎಂದು ಓದಿದ. "ಅದ್ಯಾವ ಹಕ್ಕಿನಪ್ಪ, ನಮ್ಮೂರಲ್ಲಿ ಇಲ್ದಿರೋದು?" ಎಂದರು ಅಜ್ಜಿ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ದೋಷ ಅರ್ಕಾವತ್ತಿನದು. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ: 'ಲೆ' ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನಲ್ಲಿ ನಾಲಿಗೆಯ ಕ್ರಮ: 'ರ್' ಮೊದಲು. ಪರಿವರ್ತಕ ಕ್ರಮ ಬದಲಿಸದಿದ್ದರೆ ಸೂರ್ಯ 'ಸೂಯರ್', ಕಾರ್ಯ 'ಕಾಯರ್'.

ಈಗ ನಾನೇ ಮಾಡುತ್ತೇನೆ. ಮೊದಲು ಪರಿವರ್ತನೆ, ಆಮೇಲೆ ನೋಟ್‌ಪ್ಯಾಡಿಗೆ ಅಂಟಿಸುವುದು. ಹಳೆಯ ಬಣ್ಣ, ಗಾತ್ರ, ಫಾಂಟು ಅಲ್ಲಿ ಕಳಚಿ ಬರೀ ಅಕ್ಷರ ಉಳಿಯುತ್ತದೆ. ಮೊದಲೇ ನೋಟ್‌ಪ್ಯಾಡಿಗೆ ಹಾಕಿದರೆ ಮತ್ತೆ ಅದೇ ಟೊಪ್ಪಿಗಳು. ಆ ಬರೀ ಅಕ್ಷರಗಳಲ್ಲಿ 'ರ್' ಇರುವ ಕಡೆಯೆಲ್ಲ ಹುಡುಕಿ, ಗಟ್ಟಿಯಾಗಿ ಓದುತ್ತೇನೆ. ಆಮೇಲಷ್ಟೇ ವರ್ಡಿಗೋ ಸ್ಲೈಡಿಗೋ ಇಂಡಿಸೈನಿಗೋ ಹೋಗಬೇಕು. ಇಂಡಿಸೈನಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಲು ಮರೆತರೆ ಒತ್ತಕ್ಷರಗಳು ಮುನಿಸಿಕೊಂಡು ಪಕ್ಕಕ್ಕೆ ನಿಲ್ಲುತ್ತವೆ.

ಮೂರನೆಯ ಮುದ್ರಣದಲ್ಲಿ ಹೆಜ್ಜಾರ್ಲೆ ಮರಳಿ ಬಂತು. ಕೊನೆಯ ಪುಟದ ಒಂದು 'ವಷರ್' ಮಾತ್ರ ನನ್ನ ಕಣ್ಣು ತಪ್ಪಿಸಿಕೊಂಡಿತು. ಅಜ್ಜಿಗೆ ಕೊಟ್ಟ ಪ್ರತಿಯಲ್ಲಿ ಅದನ್ನು ಪೆನ್ನಿನಿಂದ ತಿದ್ದಿದೆ.