ನಗರ ಕಾಂಪೋಸ್ಟ್: ಇಂದೋರ್ ಮತ್ತು ಬೆಂಗಳೂರು ವಿಧಾನಗಳ ಇತಿಹಾಸ

ಪಟ್ಟಣಗಳ ಹಸಿಕಸ, ಬೀದಿ ಗುಡಿಸಿದ ಕಸ ಮತ್ತು ಮಲವನ್ನು ಸೂಕ್ಷ್ಮಜೀವಿಗಳಿಂದ ಕೊಳೆಯಿಸಿ ಪಡೆಯುವ ಸಾವಯವ ಗೊಬ್ಬರವೇ ನಗರ ಕಾಂಪೋಸ್ಟ್. ಬೆಳೆಯೊಂದಿಗೆ ಊರು ಸೇರಿದ ಮಣ್ಣಿನ ಸಾರವನ್ನು ಮರಳಿ ಹೊಲಕ್ಕೆ ಸೇರಿಸುವುದು ಇದರ ತಿರುಳು. ಇಂದು ವರ್ತುಲ ಆರ್ಥಿಕತೆ ಎಂದು ಕರೆಯುವ ವಿಚಾರ ಭಾರತದಲ್ಲಿ ಪ್ರಯೋಗಕ್ಕೆ ಬಂದ ಮೊದಲ ಕ್ಷೇತ್ರಗಳಲ್ಲಿ ಇದೂ ಒಂದು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ರೂಪುಗೊಂಡ ಎರಡು ಮುಖ್ಯ ವಿಧಾನಗಳಿಗೆ ಇಂದೋರ್ ಮತ್ತು ಬೆಂಗಳೂರಿನ ಹೆಸರು ಉಳಿದಿದೆ.

ಹಿನ್ನೆಲೆ

ಸಗಣಿ, ಗಂಜಲದಲ್ಲಿ ನೆನೆದ ಹುಲ್ಲು, ಒಲೆಯ ಬೂದಿ, ಮನೆಗಸ ಎಲ್ಲವನ್ನೂ ತಿಪ್ಪೆಗೆ ಹಾಕಿ, ಮುಂಗಾರಿಗೆ ಮುನ್ನ ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ರೈತರ ಹಳೆಯ ರೂಢಿ. ಆದರೆ ಬಯಲ ತಿಪ್ಪೆಯ ಸಾರಜನಕ ಬಿಸಿಲು ಮಳೆಗೆ ನಷ್ಟವಾಗುತ್ತಿತ್ತು. ಸಗಣಿಯ ದೊಡ್ಡ ಪಾಲು ಬೆರಣಿಯಾಗಿ ಒಲೆ ಸೇರುತ್ತಿತ್ತು. ಇರುವ ಅಲ್ಪ ಸಗಣಿಯಿಂದ ಹೆಚ್ಚು ಗೊಬ್ಬರ ಮಾಡುವುದು ಹೇಗೆಂಬ ಪ್ರಶ್ನೆಯಿಂದ ಸಂಶೋಧನೆ ಆರಂಭವಾಯಿತು.

ಇಂದೋರ್ ವಿಧಾನ

ಬ್ರಿಟಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿ ಈ ವಿಧಾನವನ್ನು ರೂಪಿಸಿದರು. ಇದರಲ್ಲಿ ಅವರ ಸಹೋದ್ಯೋಗಿ ಯಶವಂತ ವಾಡ್. ಚೀನಾ, ಜಪಾನಿನ ರೈತರು ಶತಮಾನಗಳಿಂದ ಮಣ್ಣಿನ ಫಲವತ್ತತೆ ಕಾಯ್ದುಕೊಂಡ ಬಗೆಯನ್ನು ವಿವರಿಸುವ ಎಫ್. ಎಚ್. ಕಿಂಗ್ ಅವರ 1911ರ ಗ್ರಂಥ ಹೋವರ್ಡ್ ಅವರ ಮೇಲೆ ಪ್ರಭಾವ ಬೀರಿತ್ತು. ಬೆಳೆಯ ಉಳಿಕೆ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿಗಳನ್ನು ಆಳವಿಲ್ಲದ ಗುಂಡಿಯಲ್ಲಿ ಪದರ ಪದರವಾಗಿ ಹರಡಿ, ನೀರು ಚಿಮುಕಿಸಿ, ಗಾಳಿಯಾಡಲೆಂದು ಮೂರು ಸಲ ಮಗುಚುತ್ತಿದ್ದರು. ಸುಮಾರು ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಹೋವರ್ಡ್ ಮತ್ತು ವಾಡ್ 1931ರಲ್ಲಿ ಇದರ ವಿವರಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಗೊಬ್ಬರ ಬೇಗ ಆಗುತ್ತಿತ್ತಾದರೂ ಆಳು ಮತ್ತು ನೀರು ಹೆಚ್ಚು ಬೇಕಿತ್ತು. ಮಗುಚುವಾಗ ಸಾರಜನಕದ ಒಂದಂಶ ಗಾಳಿ ಸೇರುತ್ತಿತ್ತು.

ಬೆಂಗಳೂರು ವಿಧಾನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆ ಮೊದಲೇ ನೆಲ ಹದವಾಗಿತ್ತು. ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರಿನ ಶುದ್ಧೀಕರಣದ ಮೇಲೆ ಕೆಲಸ ಮಾಡಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಇಲ್ಲಿಗೆ ಬಂದು, ಊರಿನ ಹೊಲಸಿನಲ್ಲಿರುವ ಸಾರಜನಕವನ್ನು ಉಳಿಸಿಕೊಳ್ಳುವ ಅಧ್ಯಯನಗಳಿಗೆ ದಾರಿ ಮಾಡಿದರು. ಮುಂದೆ ಅದೇ ಸಂಸ್ಥೆಯ ಸಿ. ಎನ್. ಆಚಾರ್ಯ 1939ರಲ್ಲಿ ಒಳಚರಂಡಿಯಿಲ್ಲದ ಪಟ್ಟಣಗಳಿಗೆ ಹೊಂದುವ ವಿಧಾನವನ್ನು ಸಿದ್ಧಪಡಿಸಿದರು.

ಊರ ಹೊರಗೆ 90 ಸೆಂಟಿಮೀಟರ್ ಆಳದ ಕಂದಕ ತೋಡಿ, 15 ಸೆಂಟಿಮೀಟರ್ ಕಸದ ಮೇಲೆ 5 ಸೆಂಟಿಮೀಟರ್ ಮಲ, ಮತ್ತೆ ಕಸ, ಹೀಗೆ ನೆಲಮಟ್ಟಕ್ಕಿಂತ 30 ಸೆಂಟಿಮೀಟರ್ ಎತ್ತರದವರೆಗೆ ತುಂಬಬೇಕು. ಕೊನೆಯ ಪದರ ಕಸದ್ದೇ ಆಗಿರಬೇಕು; ಅದನ್ನು ಅಗೆದ ಮಣ್ಣಿನಿಂದ ಮುಚ್ಚಬೇಕು. ಒಂದು ವಾರದೊಳಗೆ ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿ ಎರಡು ಮೂರು ವಾರ ಉಳಿಯುತ್ತದೆ. ರೋಗಾಣುಗಳು, ನೊಣದ ಮರಿಹುಳುಗಳು ಸಾಯುವುದು ಈ ಕಾವಿನಲ್ಲಿ. ಬಳಿಕ ಗಾಳಿಯಿಲ್ಲದೆ ನಿಧಾನವಾಗಿ ಕೊಳೆತು, ನಾಲ್ಕರಿಂದ ಆರು ತಿಂಗಳಲ್ಲಿ ವಾಸನೆಯಿಲ್ಲದ ಪುಡಿಗೊಬ್ಬರವಾಗುತ್ತದೆ. ಮಗುಚುವ ಕೆಲಸವಿಲ್ಲದ್ದರಿಂದ ಖರ್ಚು ಕಡಿಮೆ, ಸಾರಜನಕದ ನಷ್ಟವೂ ಕಡಿಮೆ. ಎರಡನೆಯ ಮಹಾಯುದ್ಧದ ಕಾಲದ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನ ಪಟ್ಟಣದ ಕಾಂಪೋಸ್ಟಿಗೆ ಉತ್ತೇಜನ ನೀಡಿತು.

ಸಾಮಾಜಿಕ ಪ್ರಶ್ನೆ

ಕಂದಕಕ್ಕೆ ಬೇಕಾದ ಮಲವನ್ನು ಒಣ ಪಾಯಿಖಾನೆಗಳಿಂದ ಬಳಿದು ತರುತ್ತಿದ್ದವರು ಅಸ್ಪೃಶ್ಯರೆನಿಸಿದ ಜಾತಿಗಳ ಕಾರ್ಮಿಕರು. ಗೊಬ್ಬರದ ಲಾಭ ಲೆಕ್ಕ ಹಾಕಿದ ಯೋಜನೆಗಳು ಅವರ ಬದುಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮುಖ್ಯಮಂತ್ರಿ ದೇವರಾಜ ಅರಸು ಅವರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ರಾಷ್ಟ್ರಮಟ್ಟದ ಕಾನೂನುಗಳು ಬಂದದ್ದು 1993 ಮತ್ತು 2013ರಲ್ಲಿ.

ಯಂತ್ರಗಳು ಮತ್ತು ಕಾನೂನು

1970ರ ದಶಕದಲ್ಲಿ ನಗರಗಳು ಯಂತ್ರಚಾಲಿತ ಘಟಕಗಳತ್ತ ಹೊರಳಿದವು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಅಷ್ಟರಲ್ಲಿ ಕಸದ ಸ್ವರೂಪವೇ ಬದಲಾಗತೊಡಗಿತ್ತು. ಪ್ಲಾಸ್ಟಿಕ್, ಗಾಜಿನ ಚೂರು ಬೆರೆತ ಗೊಬ್ಬರವನ್ನು ರೈತರು ಒಲ್ಲೆವೆಂದರು. ಸಬ್ಸಿಡಿ ಪಡೆದ ರಾಸಾಯನಿಕ ಗೊಬ್ಬರದೆದುರು ಅದು ಸಾಗಾಟದ ಖರ್ಚಿನಲ್ಲೇ ಸೋತಿತು. ಹಲವು ನಗರಗಳಲ್ಲಿ ಘಟಕಗಳು ಮುಚ್ಚಿದವು.

ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2000ದ ನಗರ ಘನತ್ಯಾಜ್ಯ ನಿಯಮಗಳಿಗೆ ದಾರಿಯಾಯಿತು. 2012ರಲ್ಲಿ ಮಾವಳ್ಳಿಪುರದ ಭೂಭರ್ತಿ ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿಬಿತ್ತು. ಮನೆಯಲ್ಲೇ ಹಸಿ, ಒಣ ಕಸ ಬೇರ್ಪಡಿಸುವ ಒತ್ತಾಯ ಆಗ ಬಲಗೊಂಡಿತು. 2016ರ ಘನತ್ಯಾಜ್ಯ ನಿಯಮಗಳು ಇದನ್ನು ದೇಶದಾದ್ಯಂತ ಕಡ್ಡಾಯ ಮಾಡಿದವು. ಅದೇ ವರ್ಷ ಕೇಂದ್ರ ಸರ್ಕಾರ ನಗರ ಕಾಂಪೋಸ್ಟಿಗೆ ಟನ್ನಿಗೆ 1500 ರೂಪಾಯಿ ಮಾರುಕಟ್ಟೆ ನೆರವು ಪ್ರಕಟಿಸಿತು. ದೇವನಹಳ್ಳಿಯಲ್ಲಿ 2015ರಲ್ಲಿ ಶೌಚಗುಂಡಿಗಳ ಮಲಕೆಸರನ್ನು ಸಂಸ್ಕರಿಸುವ ಘಟಕ ಆರಂಭವಾಯಿತು. ಟ್ಯಾಂಕರಿನಲ್ಲಿ ಬರುವ ಕೆಸರನ್ನು ಒಣಗಿಸಿ, ಊರಿನ ಹಸಿಕಸದೊಂದಿಗೆ ಸೇರಿಸಿ ಗೊಬ್ಬರ ಮಾಡುವ ಕೆಲಸವೂ ಮುಂದೆ ಅಲ್ಲಿ ನಡೆಯಿತು.

ಮೌಲ್ಯಮಾಪನ

ಕಾಂಪೋಸ್ಟ್ ಗುಂಡಿಯೊಳಗಿನ ಜೀವರಸಾಯನ ಪ್ರಕ್ರಿಯೆಯನ್ನು ಸಂಶೋಧಕರು 1940ರ ಹೊತ್ತಿಗೇ ಬಹುಮಟ್ಟಿಗೆ ಬಿಡಿಸಿದ್ದರು. ಅನಂತರದ ಏಳುಬೀಳುಗಳನ್ನು ನಿರ್ಧರಿಸಿದ ಸಂಗತಿಗಳು ಮೂರು: ಕಸ ಎಲ್ಲಿ ಬೇರ್ಪಡುತ್ತದೆ, ಅದನ್ನು ಯಾರು ಹೊರುತ್ತಾರೆ, ಗೊಬ್ಬರವನ್ನು ಯಾವ ಬೆಲೆಗೆ ಯಾರು ಕೊಳ್ಳುತ್ತಾರೆ. ಈ ಮೂರಕ್ಕೂ ಉತ್ತರ ಸಿಗದ ಕಡೆ ಎಂಥ ಘಟಕವೂ ಹೆಚ್ಚು ಕಾಲ ನಡೆದಿಲ್ಲ.